ಕಸುಬಿನ ಶಾಲೆ, ಕಾರಕೂನನ ಕನಸು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ನಮ್ಮ ಪತ್ರಿಕೆಗಳಲ್ಲಿ, ಪ್ರತಿಭಾ ಪುರಸ್ಕಾರದ ವೇದಿಕೆಗಳಲ್ಲಿ ಒಂದು ಉಪದೇಶ ತಪ್ಪದೆ ಕೇಳಿಬರುತ್ತದೆ. ಎಲ್ಲರೂ ಡಾಕ್ಟರು, ಇಂಜಿನಿಯರು ಆಗಬೇಕಾಗಿಲ್ಲ. ಕೈಕಸುಬು ಕಲಿಯಿರಿ, ಐಟಿಐಗೆ ಸೇರಿ, ನಿಮ್ಮ ಕಾಲ ಮೇಲೆ ನೀವು ನಿಲ್ಲಿ ಎಂಬ ಉಪದೇಶ. ಹೇಳುವವರ ಮಕ್ಕಳು ಸಾಮಾನ್ಯವಾಗಿ ಐಟಿಐಯಲ್ಲಿ ಓದುತ್ತಿರುವುದಿಲ್ಲ. ಕೇಳುವ ಮಕ್ಕಳು ಚಪ್ಪಾಳೆ ತಟ್ಟಿ, ಮನೆಗೆ ಹೋಗಿ ಪಿಯುಸಿಯ ಅರ್ಜಿ ತುಂಬುತ್ತಾರೆ. ಆಗ ಅದೇ ವೇದಿಕೆಯಿಂದ ದೂರು ಶುರುವಾಗುತ್ತದೆ. ನಮ್ಮ ಹುಡುಗರಿಗೆ ದುಡಿಮೆಯ ಬಗ್ಗೆ ಗೌರವವಿಲ್ಲ, ಎಲ್ಲರಿಗೂ ಕುರ್ಚಿಯ ಕೆಲಸವೇ ಬೇಕು, ಇದಕ್ಕೆಲ್ಲ ಪುಸ್ತಕದ ವಿದ್ಯೆಯೇ ಕಾರಣ ಎಂದು.

ಈ ದೂರಿಗೆ ನೂರೈವತ್ತು ವರ್ಷಗಳಿಗೂ ಹೆಚ್ಚು ವಯಸ್ಸಾಗಿದೆ. ಕಂಪೆನಿ ಸರ್ಕಾರದ ಅಧಿಕಾರಿಗಳು, ಪಾದ್ರಿಗಳು, ದಿವಾನರು, ಕಾಂಗ್ರೆಸ್ ನಾಯಕರು, ಯೋಜನಾ ಆಯೋಗದ ಪಂಡಿತರು ಎಲ್ಲರೂ ಇದನ್ನು ಹೇಳಿದ್ದಾರೆ. ಇಷ್ಟು ದೀರ್ಘ ಕಾಲ, ಇಷ್ಟು ಭಿನ್ನ ಜನ, ಒಂದೇ ದೂರನ್ನು ಹೇಳಿಯೂ ಏನೂ ಬದಲಾಗಿಲ್ಲವೆಂದರೆ ದೋಷ ಹುಡುಗರ ತಲೆಯಲ್ಲೇ ಇದೆಯೇ ಎಂದು ನಾವು ಒಮ್ಮೆ ಕೇಳಿಕೊಳ್ಳಬೇಕು. ಬಯಕೆ ಬೇರೆ, ನಿರೀಕ್ಷೆ ಬೇರೆ. 'ಏನಾಗಬೇಕೆಂದಿದ್ದೀಯ?' ಎಂದು ಕೇಳಿದರೆ ಹದಿನೈದರ ಹುಡುಗ ಕಲೆಕ್ಟರ್ ಎನ್ನಬಹುದು. 'ನಿಜವಾಗಿ ಏನಾಗುತ್ತೀಯ ಅಂತ ನಿನಗೇ ಅನ್ನಿಸುತ್ತೆ?' ಎಂದು ಕೇಳಿದರೆ ಅವನ ಉತ್ತರ ಬದಲಾಗುತ್ತದೆ. ಆ ಎರಡನೆಯ ಉತ್ತರದಲ್ಲಿ ಅವನ ಬೀದಿ, ಅವನ ಅಣ್ಣನಿಗೆ ಸಿಕ್ಕ ಸಂಬಳ, ಅಪ್ಪನ ಜಾತಿ, ಊರಿನ ಕಾರ್ಖಾನೆಯ ಗೇಟು ಎಲ್ಲವೂ ಇರುತ್ತವೆ. ಕಸುಬು ಶಿಕ್ಷಣದ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಎರಡನೆಯ ಉತ್ತರವನ್ನು ದೊಡ್ಡವರು ಕೇಳಿಸಿಕೊಳ್ಳದೆ ಹೋದ ಚರಿತ್ರೆ.

ಮೊದಲಿಗೆ ಕುರ್ಚಿಯ ಕೆಲಸದ ಆಸೆಯನ್ನು ಹುಟ್ಟಿಸಿದವರು ಯಾರು ಎಂದು ನೋಡೋಣ. 1837ರಲ್ಲಿ ಕಂಪೆನಿ ಸರ್ಕಾರ ನ್ಯಾಯಾಲಯ ಮತ್ತು ಕಂದಾಯದ ವ್ಯವಹಾರದಿಂದ ಫಾರಸಿಯನ್ನು ಇಳಿಸುವ ಕಾನೂನು ತಂದಿತು. ಅದನ್ನೇ ನಂಬಿ ತಲೆಮಾರುಗಳಿಂದ ಬದುಕಿದ್ದ ಮುನ್ಷಿ ಮನೆತನಗಳ ವಿದ್ಯೆ ಬೆಲೆ ಕಳೆದುಕೊಂಡಿತು. 1844ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಸರ್ಕಾರಿ ನೌಕರಿಗೆ ಇಂಗ್ಲಿಷ್ ಶಾಲೆಗಳಲ್ಲಿ ಓದಿದವರನ್ನೇ ಮೊದಲು ಆರಿಸಬೇಕೆಂಬ ನಿರ್ಣಯ ಹೊರಡಿಸಿದ. ಶಾಲೆಗೆ ಹೋಗುವುದು ಏತಕ್ಕೆ ಎಂಬ ಪ್ರಶ್ನೆಗೆ ಸರ್ಕಾರವೇ ಕೊಟ್ಟ ಉತ್ತರ ಅದು. ಜನ ಅದನ್ನು ಸರಿಯಾಗಿ ಓದಿಕೊಂಡರು. ಹತ್ತು ವರ್ಷ ಕಳೆದು 1854ರಲ್ಲಿ ವುಡ್‌ನ ಶಿಕ್ಷಣ ಆಜ್ಞಾಪತ್ರ ಬಂದಾಗ ಅದರಲ್ಲಿ ಜನಸಾಮಾನ್ಯರಿಗೆ ಅವರವರ ಸ್ಥಿತಿಗೆ ತಕ್ಕ ಉಪಯುಕ್ತ ಜ್ಞಾನ ಕೊಡಬೇಕೆಂಬ ಮಾತಿತ್ತು. 'ಸ್ಥಿತಿಗೆ ತಕ್ಕ' ಎಂಬ ಪದವನ್ನು ನಾವು ಗಮನಿಸಬೇಕು. ಅದು ಈ ಚರ್ಚೆಯನ್ನು ಇಂದಿನವರೆಗೂ ಬಿಟ್ಟಿಲ್ಲ.

1882ರಲ್ಲಿ ಹಂಟರ್ ಆಯೋಗ ಕೂತಿತು. ಪ್ರೌಢಶಾಲೆಯ ಮೇಲಿನ ತರಗತಿಗಳನ್ನು ಎರಡಾಗಿ ಸೀಳಬೇಕೆಂದು ಅದು ಸೂಚಿಸಿತು. 'ಎ' ದಾರಿ ವಿಶ್ವವಿದ್ಯಾಲಯಕ್ಕೆ. 'ಬಿ' ದಾರಿ ವ್ಯಾಪಾರ ಮತ್ತು ಪ್ರಾಯೋಗಿಕ ಕಸುಬುಗಳಿಗೆ. ಕಾಗದದ ಮೇಲೆ ಚೆಂದವಾಗಿತ್ತು. 'ಬಿ' ದಾರಿಯಲ್ಲಿ ನಡೆದವರು ಮಾತ್ರ ಬೆರಳೆಣಿಕೆ. ಮೆಟ್ರಿಕ್ ಪರೀಕ್ಷೆಗೆ ಸಾವಿರ ಸಾವಿರ ಹುಡುಗರು ಕಟ್ಟುತ್ತಲೇ ಹೋದರು. ಅದೇ ಆಯೋಗದ ಮುಂದೆ ಜ್ಯೋತಿಬಾ ಫುಲೆಯವರು ಹೇಳಿಕೆ ಸಲ್ಲಿಸಿ ಶೂದ್ರ, ರೈತ ಮಕ್ಕಳ ಪ್ರಾಥಮಿಕ ಶಿಕ್ಷಣವನ್ನು ಕೇಳಿದ್ದರು. ಅದೇ ವರ್ಷ ಅಮೀರ್ ಅಲಿಯವರ ಸಂಘಟನೆ ವೈಸ್‌ರಾಯ್ ರಿಪನ್‌ಗೆ ಮನವಿ ಕೊಟ್ಟು ಸರ್ಕಾರಿ ಹುದ್ದೆಗಳಲ್ಲಿ ಮುಸಲ್ಮಾನರ ಪಾಲು ಕುಸಿಯುತ್ತಿರುವುದನ್ನು ಹೇಳಿತ್ತು. ಹುದ್ದೆಗಳೆಲ್ಲ ಒಂದು ಕಡೆ ಕೂತಿರುವಾಗ ಇನ್ನೊಂದು ಕಡೆಗೆ ಹೋಗಿರೆಂದು ಹೇಳಿದರೆ ಯಾರು ಹೋಗುತ್ತಾರೆ?

ಹಾಗಾದರೆ ಭಾರತೀಯ ಹುಡುಗರಿಗೆ ತಾಂತ್ರಿಕ ವಿದ್ಯೆ ಎಂದರೇ ಅಲರ್ಜಿಯಾಗಿತ್ತೆ? ಖಂಡಿತ ಇಲ್ಲ. ಮದರಾಸಿನಲ್ಲಿ 1794ರಷ್ಟು ಹಿಂದೆಯೇ ಸರ್ವೆ ಶಾಲೆ ಹುಟ್ಟಿತ್ತು. 1847ರಲ್ಲಿ ರೂರ್ಕಿ ಕಾಲೇಜು ಶುರುವಾಯಿತು. ಅಲ್ಲಿ ಕಲಿತವರನ್ನು ಲೋಕೋಪಯೋಗಿ ಇಲಾಖೆ ಕಾಲುವೆ, ರಸ್ತೆಗಳ ಕೆಲಸಕ್ಕೆ ಕರೆದುಕೊಳ್ಳುತ್ತಿತ್ತು. ಆದ್ದರಿಂದ ಅಲ್ಲಿ ಸೀಟಿಗೆ ಜನ ಇದ್ದರು. ರೂರ್ಕಿಯ ಹುಡುಗನೂ ಬಿಸಿಲಲ್ಲಿ ಸರಪಳಿ ಹಿಡಿದು ಅಳೆಯುತ್ತಿದ್ದ, ಕೈ ಮಣ್ಣು ಮಾಡಿಕೊಳ್ಳುತ್ತಿದ್ದ. ಆದರೆ ಅಳೆದು ಮುಗಿದ ಮೇಲೆ ಅವನಿಗೊಂದು ಹುದ್ದೆ, ಹುದ್ದೆಗೊಂದು ಪಿಂಚಣಿ ಇತ್ತು. ಕೈಗಾರಿಕಾ ಶಾಲೆಯಲ್ಲಿ ಬಡಗಿ ಕೆಲಸ ಕಲಿತ ಹುಡುಗನಿಗೆ ಅದಾವುದೂ ಇರಲಿಲ್ಲ.

ನಮ್ಮ ಕರಾವಳಿಯಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಬಹುಬೇಗ ಒಂದು ಲೌಕಿಕ ಸಮಸ್ಯೆ ಎದುರಾಯಿತು. ಮತಾಂತರವಾದವರು ತಮ್ಮ ಜಾತಿಯ ಜೊತೆಗೆ ಜಾತಿ ಕೊಡುತ್ತಿದ್ದ ಕಸುಬನ್ನೂ, ಎಷ್ಟೋ ಸಲ ಗೇಣಿಯ ಗದ್ದೆಯನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಅನ್ನದ ದಾರಿ ತೋರಿಸಬೇಕಿತ್ತು. ಸಣ್ಣಪುಟ್ಟ ಕಾರ್ಯಾಗಾರ ತೆರೆದು ಕಸುಬು ಕಲಿಸುವ ಮೊದಲ ಪ್ರಯತ್ನಗಳು ಹೆಚ್ಚು ಕಾಲ ಬಾಳಲಿಲ್ಲ. ಕಲಿಸಿದ್ದನ್ನು ಕೊಳ್ಳುವವರು ಇರಲಿಲ್ಲ. ಗೆದ್ದದ್ದು ಎಲ್ಲಿ? 1841ರಲ್ಲಿ ಶುರುವಾದ ಅಚ್ಚುಕೂಟದಲ್ಲಿ, 1851ರ ನೇಯ್ಗೆ ಕಾರ್ಖಾನೆಯಲ್ಲಿ, 1865ರಲ್ಲಿ ಪ್ಲೆಬ್ಸ್ಟ್ ಕಟ್ಟಿದ ಹೆಂಚಿನ ಕಾರ್ಖಾನೆಯಲ್ಲಿ. ಅಲ್ಲಿ ಕಲಿಕೆ ಮತ್ತು ಕೂಲಿ ಒಂದೇ ಗೋಡೆಯೊಳಗಿದ್ದವು. ಜೇಡಿಮಣ್ಣು ಹದ ಮಾಡುವುದನ್ನು, ಅಚ್ಚು ಒತ್ತುವುದನ್ನು, ಆವಿಗೆಯ ಶಾಖ ನೋಡುವುದನ್ನು ಕಲಿತ ಹುಡುಗನಿಗೆ ನಾಳೆ ಏನು ಎಂಬ ಪ್ರಶ್ನೆ ಇರಲಿಲ್ಲ; ಅವನ ಮಾವ, ಅಣ್ಣ ಅಲ್ಲೇ ದುಡಿಯುತ್ತಿದ್ದರು, ವಾರದ ಬಟವಾಡೆ ಕಣ್ಣಿಗೆ ಕಾಣುತ್ತಿತ್ತು. ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಮುಂದೆ ಬೇರೆಯವರೂ ಹೆಂಚಿನ ಕಾರ್ಖಾನೆ ಕಟ್ಟಿದಾಗ ಆ ಕೆಲಸಕ್ಕೊಂದು ಮಾರುಕಟ್ಟೆಯೇ ಹುಟ್ಟಿತು. ಮಂಗಳೂರು ಹೆಂಚು ಎಂಬ ಹೆಸರು ಜಗತ್ತಿಗೆ ಹೋಯಿತು. ಮೊದಲ ಮಹಾಯುದ್ಧದ ಕಾಲಕ್ಕೆ ಈ ಉದ್ಯಮ ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದದ್ದು ಬೇರೆ ಕತೆ.

ಕುತೂಹಲದ ಸಂಗತಿಯೆಂದರೆ ಇದೇ ಬಾಸೆಲ್ ಮಿಷನ್ 1828ರಿಂದ ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟ್‌ನಲ್ಲೂ, ಅಂದರೆ ಇಂದಿನ ಘಾನಾದಲ್ಲೂ, ಕೆಲಸ ಮಾಡುತ್ತಿತ್ತು. ಅಲ್ಲೂ ಬಡಗಿತನ, ಕಮ್ಮಾರಿಕೆ, ಕೃಷಿ ಕಲಿಸುವ ಉತ್ಸಾಹ ತೋರಿತು. ವಸಾಹತು ಸರ್ಕಾರವೂ ಅದನ್ನೇ ಜಪಿಸಿತು. ಆದರೂ ಅಲ್ಲಿನ ಹುಡುಗರು ಗುಮಾಸ್ತನ ಕೆಲಸಕ್ಕೇ ಮುಗಿಬಿದ್ದರು. ಈ ವಿಷಯವನ್ನು ಕೈಗೆತ್ತಿಕೊಂಡ ಫಿಲಿಪ್ ಫಾಸ್ಟರ್ ಎಂಬ ಸಮಾಜಶಾಸ್ತ್ರಜ್ಞ 1965ರಲ್ಲಿ ಬರೆದದ್ದು ಇಂದಿಗೂ ಓದತಕ್ಕದ್ದು. ಘಾನಾದ ವಿದ್ಯಾರ್ಥಿಗಳನ್ನೇ ಕೇಳಿ ನೋಡಿದ ಆತನಿಗೆ ಕಂಡದ್ದು, ಅವರ ಬಯಕೆ ಎಷ್ಟೇ ಎತ್ತರದ್ದಾಗಿದ್ದರೂ ನಿರೀಕ್ಷೆ ನೆಲದ ಮೇಲೇ ಇತ್ತು ಎಂಬುದು. ತಮಗೆ ಯಾವ ಕೆಲಸ ಸಿಗಬಹುದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಪಠ್ಯಕ್ರಮ ಬದಲಿಸಿದರೆ ಅವರ ಮನಸ್ಸು ಬದಲಾಗುವುದಿಲ್ಲ, ಸಂಬಳ ಮತ್ತು ಸ್ಥಾನಮಾನ ಎಲ್ಲಿ ಕೂತಿದೆಯೋ ಮನಸ್ಸು ಅಲ್ಲಿಗೆ ಹೋಗುತ್ತದೆ ಎಂಬುದು ಅವನ ವಾದ. ಆ ಸಮಾಜದಲ್ಲಿ ಪುಸ್ತಕದ ಶಿಕ್ಷಣವೇ ನಿಜವಾದ ವೃತ್ತಿ ಶಿಕ್ಷಣವಾಗಿತ್ತು, ಏಕೆಂದರೆ ವೃತ್ತಿ ಕೊಡಿಸುತ್ತಿದ್ದದ್ದು ಅದೇ. ಫಾಸ್ಟರನ ಮಾತನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಜಾತಿಯಿರುವ ದೇಶದಲ್ಲಿ ಸಂಬಳವೊಂದೇ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಹುಡುಗರನ್ನು ಮೂರ್ಖರೆಂದು ತಿಳಿಯದೆ ಶುರುಮಾಡಿದ್ದಕ್ಕೆ ಆತನಿಗೆ ನಾವು ಕೃತಜ್ಞರಾಗಿರಬೇಕು.

ಇನ್ನು ಹಳೆಯ ಮೈಸೂರಿಗೆ ಬರೋಣ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಬಿತ್ತು, 1913ರಲ್ಲಿ ಅದು ಕೆಲಸ ಆರಂಭಿಸಿತು. ಗಂಧದ ಕೆತ್ತನೆ, ಬೀಟೆ ಮರದ ಇನ್‌ಲೇ ಕೆಲಸಗಳಿಗೆ ಅರಮನೆಯ ಆಶ್ರಯ ಇತ್ತು. ಆದರೆ ಇನ್‌ಲೇ ಕಸುಬಿನ ಮುಸ್ಲಿಂ ಮನೆತನಗಳ ಮಕ್ಕಳಿಗೆ ಆ ವಿದ್ಯೆ ಮನೆಯ ಜಗಲಿಯಲ್ಲೇ, ಅಪ್ಪನ ಪಕ್ಕದಲ್ಲಿ ಕೂತು ದಕ್ಕುತ್ತಿತ್ತು. ಜಗಲಿ ಕೊಡಲಾರದ್ದು ಸರ್ಟಿಫಿಕೇಟು ಮಾತ್ರ. 1912ರಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರು ಕೈಗಾರಿಕೆ ಮತ್ತು ಶಿಕ್ಷಣವನ್ನು ಜೋಡೆತ್ತಿನಂತೆ ಕಂಡವರು. 1913ರಲ್ಲಿ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಶಾಲೆ, 1916ರಲ್ಲಿ ವಿಶ್ವವಿದ್ಯಾಲಯ, 1917ರಲ್ಲಿ ಇಂಜಿನಿಯರಿಂಗ್ ಕಾಲೇಜು ಅವರ ಕಾಲದಲ್ಲೇ ಬಂದವು.

ಅದೇ ಹೊತ್ತಿಗೆ ಸಂಸ್ಥಾನದ ಬ್ರಾಹ್ಮಣೇತರ ಸಮುದಾಯಗಳು ಏನನ್ನು ಕೇಳುತ್ತಿದ್ದವು? 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯಲ್ಲಿ ಒಕ್ಕಲಿಗರು, ಲಿಂಗಾಯತರು, ಮುಸಲ್ಮಾನರು ಜೊತೆಗಿದ್ದರು. ಅವರ ಬೇಡಿಕೆ ಸರ್ಕಾರಿ ಹುದ್ದೆಯಲ್ಲಿ ಪಾಲು. ಅದಕ್ಕಾಗಿ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಆ ನೀತಿಯನ್ನು ಒಪ್ಪದ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಅವರನ್ನು ಆರಾಧಿಸುವವರು ಇದನ್ನು ದಕ್ಷತೆಯ ಪರ ನಿಲುವೆನ್ನುತ್ತಾರೆ. ನಮಗನ್ನಿಸುವುದು ಇಷ್ಟು: ಕೈಗಾರಿಕೆಯಲ್ಲಿ ನಾಡಿನ ಭವಿಷ್ಯವಿದೆ ಎಂದು ದಿವಾನರು ಪ್ರಾಮಾಣಿಕವಾಗಿ ನಂಬಿದ್ದರು; ಅಮಲ್ದಾರನ ಕಚೇರಿಯಲ್ಲಿ ಅಧಿಕಾರವಿದೆ ಎಂದು ರೈತರ, ಮುಸಲ್ಮಾನರ ಮಕ್ಕಳು ಅಷ್ಟೇ ಪ್ರಾಮಾಣಿಕವಾಗಿ ಕಂಡಿದ್ದರು. 1918ರ ಮೈಸೂರಿನಲ್ಲಿ ಎರಡನೆಯವರ ಓದು ಹೆಚ್ಚು ಸರಿಯಿತ್ತು.

ಈ ಚರಿತ್ರೆಯ ಅತ್ಯಂತ ಉದಾತ್ತ ಅಧ್ಯಾಯ 1937ರದ್ದು. ಆ ಅಕ್ಟೋಬರಿನಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದರು. ಕೈಕೆಲಸದ ಮೂಲಕವೇ ಎಲ್ಲ ವಿದ್ಯೆ ಎಂಬ ಅವರ ವಿಚಾರಕ್ಕೆ ಪಠ್ಯರೂಪ ಕೊಡಲು ಜಾಮಿಯಾ ಮಿಲ್ಲಿಯಾದ ಡಾ. ಜಾಕಿರ್ ಹುಸೇನರ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು. ಎರಡೇ ತಿಂಗಳಲ್ಲಿ ವರದಿ ಬಂತು. ಮಗುವನ್ನು ನೇಕಾರನನ್ನಾಗಿ ಮಾಡುವುದು ಇದರ ಉದ್ದೇಶವಲ್ಲ, ನೂಲುವ ಕೈಯ ಮೂಲಕ ಗಣಿತ, ಚರಿತ್ರೆ, ಸಮಾಜ ಎಲ್ಲವನ್ನೂ ಅರಿಯುವಂತೆ ಮಾಡುವುದು ಎಂದು ಜಾಕಿರ್ ಸಾಹೇಬರು ತಿಳಿದಿದ್ದರು. ಮುಂದೆ ರಾಷ್ಟ್ರಪತಿಯಾದ ಮೇಲೂ ಅವರು ಮೂಲತಃ ಮೇಷ್ಟ್ರೇ. ಆದರೆ ಮೂಲಶಿಕ್ಷಣ ಹಳ್ಳಿಗೆ ಬಂದಾಗ ತಾಯಿತಂದೆಯರಿಗೆ ಕಂಡದ್ದು ತಕಲಿ ಮಾತ್ರ. ಪಟ್ಟಣದ ಕಾನ್ವೆಂಟಿನಲ್ಲಿ ತಕಲಿ ಇರಲಿಲ್ಲ. ಒಂದೇ ದೇಶದಲ್ಲಿ ಎರಡು ಬಗೆಯ ಶಾಲೆಗಳಿದ್ದರೆ ಯಾವುದು ಎಲ್ಲಿಗೆ ಕರೆದೊಯ್ಯುತ್ತದೆಂದು ಅನಕ್ಷರಸ್ಥ ತಾಯಿಗೂ ತಿಳಿಯುತ್ತದೆ.

ತಿಳಿಯದೆ ಹೋದದ್ದು ರಾಜಾಜಿಯವರಂಥ ಮೇಧಾವಿಗೆ. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಯಾಗಿ ಅವರು ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ಯೋಜನೆ ತಂದರು. ಮಕ್ಕಳು ದಿನಕ್ಕೆ ಮೂರು ಗಂಟೆ ಶಾಲೆಯಲ್ಲಿ ಓದುವುದು, ಉಳಿದ ಹೊತ್ತಿನಲ್ಲಿ ಮನೆಯವರ ಕಸುಬು ಕಲಿಯುವುದು. ಶಾಲೆಯನ್ನು ಎರಡು ಪಾಳಿಯಲ್ಲಿ ನಡೆಸಿದರೆ ಅಷ್ಟೇ ಮೇಷ್ಟ್ರುಗಳಿಂದ ಹೆಚ್ಚು ಮಕ್ಕಳಿಗೆ ಪಾಠವಾಗುತ್ತದೆ ಎಂಬ ಲೆಕ್ಕಾಚಾರವೂ ಇತ್ತು. ಆಗ ದಕ್ಷಿಣ ಕನ್ನಡ ಜಿಲ್ಲೆಯೂ ಕೊಳ್ಳೇಗಾಲ ತಾಲೂಕೂ ಮದರಾಸು ರಾಜ್ಯಕ್ಕೇ ಸೇರಿದ್ದವು. ಕನ್ನಡದ ಹಳ್ಳಿ ಶಾಲೆಗಳೂ ಈ ಚರ್ಚೆಯ ಹೊರಗಿರಲಿಲ್ಲ.

ಯೋಜನೆಯ ಭಾಷೆಯಲ್ಲಿ ಜಾತಿ ಎಂಬ ಪದವಿರಲಿಲ್ಲ. 'ಮನೆಯ ಕಸುಬು' ಎಂದಿತ್ತು. ಪೆರಿಯಾರ್ ಅದನ್ನು ಸರಿಯಾದ ಹೆಸರಿನಿಂದ ಕರೆದರು: ಕುಲಕಲ್ವಿ, ಅಂದರೆ ಕುಲದ ಶಿಕ್ಷಣ. ಕ್ಷೌರಿಕನ ಮಗ ಮಧ್ಯಾಹ್ನ ಕ್ಷೌರ ಕಲಿಯಬೇಕು, ಜಾಡಮಾಲಿಯ ಮಗ ಮಧ್ಯಾಹ್ನ ಏನು ಕಲಿಯಬೇಕು? ವಕೀಲರ ಮಗ ಮಧ್ಯಾಹ್ನ ಅಪ್ಪನ ಕಚೇರಿಯಲ್ಲಿ ಕೂತರೆ ಅವನಿಗೆ ನಷ್ಟವೇನು? ಅಂಬೇಡ್ಕರರು 1936ರಲ್ಲೇ ಜಾತಿಯೆಂದರೆ ಕೆಲಸದ ವಿಭಜನೆಯಷ್ಟೇ ಅಲ್ಲ, ಕೆಲಸಗಾರರ ವಿಭಜನೆ ಎಂದು ತೋರಿಸಿದ್ದರು. ಕಾಂಗ್ರೆಸ್ಸಿನ ಒಳಗೂ ಹೊರಗೂ ವಿರೋಧ ಬೆಳೆಯಿತು. 1954ರಲ್ಲಿ ರಾಜಾಜಿ ಹುದ್ದೆ ಬಿಟ್ಟರು, ಅವರ ಜಾಗಕ್ಕೆ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಕಾಮರಾಜರು ಚಿಕ್ಕಂದಿನಲ್ಲೇ ಶಾಲೆ ಬಿಡಬೇಕಾಗಿ ಬಂದವರು. ಮುಂದೆ ಅವರು ಮಾಡಿದ್ದು ಹಳ್ಳಿಗಳಲ್ಲಿ ಶಾಲೆ ತೆರೆದು, ಮಧ್ಯಾಹ್ನ ಮಕ್ಕಳಿಗೆ ಊಟ ಹಾಕಿಸಿದ್ದು.

ಕಸುಬು ಶಿಕ್ಷಣದ ಮಾತೆತ್ತಿದರೆ ದಲಿತ, ಹಿಂದುಳಿದ ಸಮುದಾಯಗಳು ಇಂದಿಗೂ ಏಕೆ ಅನುಮಾನದಿಂದ ನೋಡುತ್ತವೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಆದರೆ ಬೆಂಗಳೂರಿನ ಚರಿತ್ರೆ ಇದಕ್ಕೆ ಪೂರ್ತಿ ಬೇರೆಯಾದ ಇನ್ನೊಂದು ಮುಖವನ್ನು ತೋರಿಸುತ್ತದೆ.

1940ರಲ್ಲಿ ಬೆಂಗಳೂರಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಬಂತು. 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆ ಹುಟ್ಟಿತು. ಭದ್ರಾವತಿ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಹಣವನ್ನು ವಿಶ್ವೇಶ್ವರಯ್ಯನವರು ಇದಕ್ಕೆ ಬಿಟ್ಟುಕೊಟ್ಟು, ತಮ್ಮ ಹೆಸರಿನ ಬದಲು ಮಹಾರಾಜರ ಹೆಸರಿಡಿಸಿದರು. ಸ್ವಾತಂತ್ರ್ಯದ ನಂತರ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಒಂದರ ಹಿಂದೊಂದು ಬಂದವು. 1950ರಲ್ಲಿ ಕೇಂದ್ರದ ಕಾರ್ಮಿಕ ಇಲಾಖೆ ಕುಶಲಕರ್ಮಿ ತರಬೇತಿ ಯೋಜನೆ ಆರಂಭಿಸಿತು, ಅದರಡಿ ಕೈಗಾರಿಕಾ ತರಬೇತಿ ಸಂಸ್ಥೆಗಳು ಹರಡಿದವು. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂತು. ಬೆಂಗಳೂರಿನಲ್ಲಿ 'ಐಟಿಐ' ಎಂದರೆ ಓದುವ ಜಾಗವೂ ಹೌದು, ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯೂ ಹೌದು. ಒಂದು ಐಟಿಐಯಲ್ಲಿ ಕಲಿತು ಇನ್ನೊಂದು ಐಟಿಐಗೆ ಸೇರುವುದು ಅಂದಿನ ಎಷ್ಟೋ ಹುಡುಗರ ಜೀವನದ ನಕ್ಷೆಯಾಗಿತ್ತು!

ಆ ಕಾಲದಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಎಂಬ ಪದಗಳಿಗೆ ಬಂದ ಗೌರವವನ್ನು ನೆನೆಯಬೇಕು. ಕೋಲಾರದಿಂದ, ತುಮಕೂರಿನಿಂದ, ಮಂಡ್ಯದಿಂದ ಬಂದ ರೈತರ ಮಕ್ಕಳು, ದಲಿತರ ಮಕ್ಕಳು, ಶಿವಾಜಿನಗರದ ಮುಸ್ಲಿಂ ಹುಡುಗರು ಎರಡು ವರ್ಷದ ಸರ್ಟಿಫಿಕೇಟು ಹಿಡಿದು ಕಾರ್ಖಾನೆಯ ಗೇಟಿನೊಳಗೆ ಹೋದರು. ಒಳಗೆ ಕ್ವಾರ್ಟರ್ಸ್ ಇತ್ತು, ಕ್ಯಾಂಟೀನ್ ಇತ್ತು, ಕಾರ್ಖಾನೆ ಬಸ್ಸು, ಪಿಎಫ್, ಬೋನಸ್, ಆಸ್ಪತ್ರೆ ಇದ್ದವು. ಯೂನಿಯನ್ ಇತ್ತು. ಹುಡುಗ ಎಚ್‌ಎಂಟಿಯಲ್ಲಿದ್ದಾನೆ ಎಂದರೆ ಹೆಣ್ಣು ಕೊಡುವವರು ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ. ಅವನ ಕೈಗೆ ಗ್ರೀಸು ಹತ್ತಿದೆಯೆಂದು ಯಾರೂ ಮೂಗು ಮುರಿಯಲಿಲ್ಲ. ದುಡಿಮೆಗೆ ಗೌರವ ಕೊಡದ ಸಮಾಜ ನಮ್ಮದು ಎನ್ನುವವರು ಆ ಮೂರು ದಶಕಗಳನ್ನು ಹೇಗೆ ವಿವರಿಸುತ್ತಾರೋ ಕಾಣೆವು. ಜನ ಅದೇ, ಜಾತಿ ಅದೇ, ಪಠ್ಯವೂ ಹೆಚ್ಚು ಕಡಿಮೆ ಅದೇ. ಗೇಟಿನಾಚೆ ಏನಿತ್ತು ಎಂಬುದು ಬೇರೆಯಾಗಿತ್ತು.

ಇದೇ ಹೊತ್ತಿನಲ್ಲಿ ಶಿಕ್ಷಣ ಇಲಾಖೆ ತನ್ನದೇ ದಾರಿಯಲ್ಲಿ ಕಸುಬು ಕಲಿಸಲು ಹೊರಟಿತ್ತು. 1952-53ರ ಮೊದಲಿಯಾರ್ ಆಯೋಗದ ವಿವಿಧೋದ್ದೇಶ ಶಾಲೆಗಳು, 1964-66ರ ಕೊಠಾರಿ ಆಯೋಗದ ಶಿಫಾರಸುಗಳು, ಆಮೇಲೆ 1977ರ ಹೊತ್ತಿಗೆ ಕರ್ನಾಟಕದಲ್ಲಿ ಪಿಯುಸಿ ಮಟ್ಟದ ವೃತ್ತಿ ಶಿಕ್ಷಣ. ಇದನ್ನೇ ಜನ ಜೆಒಸಿ ಎಂದು ಕರೆದದ್ದು. 1986ರ ರಾಷ್ಟ್ರೀಯ ನೀತಿ, 1990ರೊಳಗೆ ಶೇ. 10, 1995ರೊಳಗೆ ಶೇ. 25ರಷ್ಟು ಮಕ್ಕಳು ಈ ದಾರಿಗೆ ಬರಬೇಕೆಂದು ಗುರಿ ಹಾಕಿತು. ಗುರಿ ಮುಟ್ಟಲಿಲ್ಲ, 1992ರಲ್ಲಿ ಅದನ್ನೇ ಐದೈದು ವರ್ಷ ಮುಂದಕ್ಕೆ ತಳ್ಳಲಾಯಿತು. ಜೆಒಸಿಗೆ ಸೇರಿದ ಮಕ್ಕಳು ಕೇಳಿದ್ದೇನೆಂದರೆ ನಮ್ಮ ಕೋರ್ಸನ್ನು ಪಿಯುಸಿಗೆ ಸಮ ಎಂದು ಮಾಡಿ, ಡಿಗ್ರಿಗೆ ಸೇರಲು ಬಿಡಿ ಎಂದು. ಅಧಿಕಾರಿಗಳಿಗೆ ಇದು ಉದ್ದೇಶಭಂಗವಾಗಿ ಕಂಡಿತು. ಮಕ್ಕಳ ಕಡೆಯಿಂದ ನೋಡಿದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಹಿಂದೆ ಬಾಗಿಲು ಮುಚ್ಚಿದ ಕೋಣೆಗೆ ಯಾರೂ ನೆಮ್ಮದಿಯಿಂದ ಹೋಗುವುದಿಲ್ಲ. ಕೊನೆಗೆ ನಮ್ಮ ರಾಜ್ಯದಲ್ಲಿ ಜೆಒಸಿಯನ್ನೇ ಮುಚ್ಚಲಾಯಿತು.

1991ರ ನಂತರ ಬೆಂಗಳೂರಿನ ಗೇಟುಗಳೂ ಬದಲಾದವು. ಸ್ವಯಂ ನಿವೃತ್ತಿ ಎಂಬ ಹೊಸ ಪದ ಮನೆಮನೆಗೆ ಬಂತು. ಹೊಸ ನೇಮಕಾತಿ ನಿಂತು, ಗುತ್ತಿಗೆ ಶುರುವಾಯಿತು. ಒಂದು ಕಾಲಕ್ಕೆ ಮದುವೆ ಉಡುಗೊರೆಯಾಗಿದ್ದ ಎಚ್‌ಎಂಟಿ ಗಡಿಯಾರದ ಕಂಪೆನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಈ ಅವಧಿಯಲ್ಲೇ ಖಾಸಗಿ ಐಟಿಐಗಳು ಬೀದಿಬೀದಿಯಲ್ಲಿ ತಲೆಯೆತ್ತಿದವು ಎಂಬುದು ನಮ್ಮ ಕಾಲದ ವಿಪರ್ಯಾಸ. ಸರ್ಟಿಫಿಕೇಟು ಅದೇ, ಅದು ತೆರೆಯುತ್ತಿದ್ದ ಗೇಟು ಮಾತ್ರ ಇಲ್ಲ. ಹೊಸ ಕಾರ್ಖಾನೆಗಳಲ್ಲಿ ಹುಡುಗ ಒಂದು ವರ್ಷ ಅಪ್ರೆಂಟಿಸ್, ಆಮೇಲೆ ಇನ್ನೊಂದು ಕಂಪೆನಿಯಲ್ಲಿ 'ಟ್ರೈನಿ', ಆಮೇಲೆ ಗುತ್ತಿಗೆದಾರನ ರಿಜಿಸ್ಟರಿನಲ್ಲಿ ಒಂದು ಹೆಸರು. 2020ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಫೋನು ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದ ದಾಂಧಲೆ ಎಲ್ಲರಿಗೂ ನೆನಪಿದೆ. ಗಾಜು ಒಡೆದದ್ದು ಟೀವಿಯಲ್ಲಿ ದಿನವಿಡೀ ಕಂಡಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ ಸಂಬಳ ಸಂದಿರಲಿಲ್ಲವೆಂದು ಕಂಪೆನಿಯೇ ಒಪ್ಪಿಕೊಂಡದ್ದು ಅಷ್ಟಾಗಿ ಕಾಣಲಿಲ್ಲ. ಗಾಜು ಒಡೆದದ್ದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಆ ವಾರ ಕೋಲಾರ, ಮಾಲೂರು, ಬಂಗಾರಪೇಟೆಯ ಎಸ್ಸೆಸ್ಸೆಲ್ಸಿ ಮಕ್ಕಳು ಕಸುಬು ಶಿಕ್ಷಣದ ಬಗ್ಗೆ ಕಲಿತ ಪಾಠವನ್ನು ಯಾವ ಕೌನ್ಸೆಲಿಂಗೂ ಅಳಿಸಲಾರದು.

ಮುಸಲ್ಮಾನರ ವಿಷಯದಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿ. 2006ರ ಸಾಚಾರ್ ವರದಿ ಹೊರಬಂದಾಗ ಎಲ್ಲರೂ ಅಂಕಿಅಂಶಗಳ ಬಗ್ಗೆ ಮಾತಾಡಿದರು. ಅದರೊಳಗಿದ್ದ ಇನ್ನೊಂದು ಮಾತು ನಮಗೆ ಹೆಚ್ಚು ಮುಖ್ಯ. ಮುಸ್ಲಿಂ ತಾಯಿತಂದೆಯರಿಗೆ ಶಿಕ್ಷಣದ ಬಗ್ಗೆ ತಿರಸ್ಕಾರವಿಲ್ಲ, ಆದರೆ ಓದಿದರೂ ಕೆಲಸ ಕೊಡುವವರಿಲ್ಲ ಎಂಬ ಅನುಭವ ಓದಿನ ಬೆಲೆಯನ್ನು ಅವರ ಕಣ್ಣಲ್ಲಿ ಇಳಿಸಿದೆ ಎಂದು ಸಮಿತಿ ಗುರುತಿಸಿತ್ತು. ದೇಶದ ಮುಸ್ಲಿಂ ದುಡಿಮೆಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ವಂತ ಕಸುಬು, ಸಣ್ಣ ವ್ಯಾಪಾರದವರು. ಬೆಂಗಳೂರಿನ ಜೆ.ಸಿ. ರಸ್ತೆಯ, ಕಲಾಸಿಪಾಳ್ಯದ ಗ್ಯಾರೇಜುಗಳಿಗೆ ಹೋಗಿ ನೋಡಿದರೆ ಅಲ್ಲಿ ಒಂದು ಪೂರ್ತಿ ವೃತ್ತಿ ಶಿಕ್ಷಣ ವ್ಯವಸ್ಥೆಯೇ ನಡೆಯುತ್ತಿರುವುದು ಕಾಣುತ್ತದೆ. ಉಸ್ತಾದ್ ಇದ್ದಾರೆ, ಶಾಗಿರ್ದ್ ಇದ್ದಾನೆ. ಮೊದಲು ಚಹಾ ತರುವುದು, ಆಮೇಲೆ ಸ್ಪ್ಯಾನರ್ ನಂಬರು ಕಲಿಯುವುದು, ಆಮೇಲೆ ಇಂಜಿನ್ ಇಳಿಸುವುದಕ್ಕೆ ಕೈ ಹಾಕುವುದು. ಫೀಸಿಲ್ಲ, ಪರೀಕ್ಷೆಯಿಲ್ಲ, ಸರ್ಟಿಫಿಕೇಟೂ ಇಲ್ಲ. ಶಬ್ದ ಕೇಳಿಯೇ ಇಂಜಿನ್ನಿನ ರೋಗ ಹೇಳುವ ಉಸ್ತಾದನಿಗೆ ಕಂಪೆನಿ ಸರ್ವಿಸ್ ಸೆಂಟರಿನಲ್ಲಿ ಕೆಲಸ ಸಿಗುವುದಿಲ್ಲ. ಐಟಿಐಗೆ ಸೇರೋಣವೆಂದರೆ ಶಾಗಿರ್ದನಿಗೆ ಎಸ್ಸೆಸ್ಸೆಲ್ಸಿ ಇರುವುದಿಲ್ಲ. ಈ ವ್ಯವಸ್ಥೆಯನ್ನು ನಾವು ಹೊಗಳಿ ಬಿಡುವಂತೆಯೂ ಇಲ್ಲ. ಹತ್ತು ಹನ್ನೆರಡು ವರ್ಷದ ಮಕ್ಕಳು ಶಾಲೆ ಬಿಟ್ಟು ಅಲ್ಲಿಗೆ ಬರುತ್ತಿದ್ದರು, ಈಗಲೂ ಬರುತ್ತಾರೆ. ಶಾಲೆ 'ಪೂರ್ತಿ ಮಾಡದವರಿಗೂ, ಮದರಸಾದಲ್ಲಿ ಓದಿದವರಿಗೂ ತಾಂತ್ರಿಕ ತರಬೇತಿಯ ಬಾಗಿಲು ತೆರೆಯಿರಿ' ಎಂಬರ್ಥದ ಸಲಹೆಯನ್ನು ಸಾಚಾರ್ ಸಮಿತಿ ಕೊಟ್ಟದ್ದು ಇಂಥವರನ್ನು ಕಂಡೇ ಇರಬೇಕು.

ಕರಾವಳಿಯ ಹುಡುಗರ ಕತೆ ಬೇರೆ. 1973ರ ತೈಲ ಬೆಲೆಯೇರಿಕೆಯ ನಂತರ ಮಂಗಳೂರು, ಉಡುಪಿ, ಭಟ್ಕಳದ ಬ್ಯಾರಿ, ನವಾಯತ ಮತ್ತು ಇತರ ಸಮುದಾಯಗಳ ಹುಡುಗರಿಗೆ ಗೇಟು ತೆರೆದದ್ದು ದಮ್ಮಾಮಿನಲ್ಲಿ, ದುಬೈಯಲ್ಲಿ. ಎಲೆಕ್ಟ್ರಿಷಿಯನ್, ಎ.ಸಿ. ಮೆಕ್ಯಾನಿಕ್, ವೆಲ್ಡರ್ ಎಂಬ ಟ್ರೇಡುಗಳಿಗೆ ಬೆಲೆ ಕಟ್ಟಿದ್ದು ಬೆಂಗಳೂರಿನ ಕಾರ್ಖಾನೆಯಲ್ಲ, ರಿಯಾಲು. ಹತ್ತನೆಯ ತರಗತಿ ಪಾಸಾದರೆ ಪಾಸ್‌ಪೋರ್ಟಿನಲ್ಲಿ ವಲಸೆ ತಪಾಸಣೆಯ ತಾಪತ್ರಯ ತಪ್ಪುತ್ತದೆ ಎಂಬ ಒಂದೇ ಕಾರಣಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿದವರೂ ಇದ್ದಾರೆ. ನಗುವ ವಿಷಯವಲ್ಲ ಅದು. ಓದಿಗೊಂದು ಕಾಣುವ ಫಲವಿದ್ದರೆ ಜನ ಓದುತ್ತಾರೆ. 2011ರಲ್ಲಿ ಸೌದಿ ಅರೇಬಿಯ ತನ್ನ ಪ್ರಜೆಗಳಿಗೆ ಕೆಲಸ ಮೀಸಲಿಡುವ ನಿತಾಖತ್ ನಿಯಮ ತಂದಾಗ ಆ ಲೆಕ್ಕವೂ ಅಲುಗಾಡಿತು.

ಹೆಣ್ಣುಮಕ್ಕಳ ನಿರೀಕ್ಷೆಯನ್ನು ಕೇಳಿದವರು ಇನ್ನೂ ಕಡಿಮೆ. ಬಹುಕಾಲ ಅವರ ಪಾಲಿಗೆ ಕಸುಬು ಶಿಕ್ಷಣವೆಂದರೆ ಹೊಲಿಗೆ, ಕಸೂತಿ, ಟೈಪಿಂಗ್. ಮದುವೆಯವರೆಗಿನ ಕಾಲಕ್ಷೇಪವೆಂದೇ ಮನೆಯವರು ಅದನ್ನು ಕಂಡರು. ಆದರೆ ಟೆಲಿಫೋನ್ ಕಾರ್ಖಾನೆಯ, ಬಿಇಎಲ್‌ನ ಜೋಡಣಾ ವಿಭಾಗಗಳಲ್ಲಿ, ಎಚ್‌ಎಂಟಿ ಗಡಿಯಾರದ ಸೂಕ್ಷ್ಮ ಕೆಲಸದಲ್ಲಿ ಹೆಂಗಸರು ಕೂತಾಗ ಅವರ ತಂಗಿಯರ ಲೆಕ್ಕವೂ ಬದಲಾಯಿತು. ಇಂದು ದೇವನಹಳ್ಳಿ, ನರಸಾಪುರದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಸಾವಿರಾರು ಹುಡುಗಿಯರನ್ನು ಕರೆಯುತ್ತಿವೆ. ಹಾಸ್ಟೆಲ್ ಸುರಕ್ಷಿತವೇ, ರಾತ್ರಿ ಪಾಳಿಗೆ ಬಸ್ಸಿದೆಯೇ, ಮದುವೆಯಾದರೆ ಇಟ್ಟುಕೊಳ್ಳುತ್ತಾರೆಯೇ ಎಂದು ತಾಯಂದಿರು ಕೇಳುತ್ತಾರೆ. ಈ ಪ್ರಶ್ನೆಗಳಿಗೆ ಉತ್ತರ ಸಿಗುವ ಊರುಗಳಲ್ಲಿ ಹುಡುಗಿಯರು ಎಲೆಕ್ಟ್ರಾನಿಕ್ಸ್ ಟ್ರೇಡ್ ಆರಿಸುತ್ತಾರೆ, ಸಿಗದ ಊರುಗಳಲ್ಲಿ ಹೊಲಿಗೆಯೇ ಉಳಿಯುತ್ತದೆ.

ಸರ್ಕಾರಗಳು ಸುಮ್ಮನೆ ಕೂತಿವೆಯೆಂದಲ್ಲ. 2022ರಲ್ಲಿ ನಮ್ಮ ರಾಜ್ಯದ 150 ಸರ್ಕಾರಿ ಐಟಿಐಗಳು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿದವು. ರೋಬೋ ಬಂದಿದೆ, ಲೇಸರ್ ಬಂದಿದೆ. ಕಲಿಸುವ ಮೇಷ್ಟ್ರೂ, ಕಲಿತ ಮೇಲೆ ಖಾಯಂ ಕೆಲಸವೂ ಅದೇ ಪ್ರಮಾಣದಲ್ಲಿ ಬಂದವೇ ಎಂದು ಆ ಐಟಿಐಗಳ ಹುಡುಗರನ್ನೇ ಕೇಳಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ 2025ರೊಳಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂದು ಹೇಳಿತ್ತು. ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲ ಬಿಟ್ಟು ಊರಿನ ಬಡಗಿ, ಕುಂಬಾರ, ಮಾಲಿಯ ಬಳಿ ಹೋಗಿ ಕಲಿಯಬೇಕೆಂಬ ಸೂಚನೆಯೂ ಅದರಲ್ಲಿದೆ. ನಗರದ ದೊಡ್ಡ ಶಾಲೆಯ ಮಕ್ಕಳಿಗೆ ಅದು ಒಳ್ಳೆಯ ಅನುಭವವೇ ಆದೀತು. ಬಡಗಿಯ ಮಗ ಆ ಹತ್ತು ದಿನ ಯಾರ ಬಳಿಗೆ ಹೋಗಬೇಕೆಂಬುದನ್ನು ಮಾತ್ರ ನೀತಿ ಹೇಳಿಲ್ಲ.